ದೊಡ್ಡಪ್ಪ ಬಂದ, ಗೋಲು ಬಂತು

ಇಂಗ್ಲೆಂಡಿನಲ್ಲಿ ಬೆರಿ ಎಂದೊಂದು ಊರು. ಮ್ಯಾಂಚೆಸ್ಟರಿನಿಂದ ಟ್ರಾಮ್ ಹತ್ತಿದರೆ ಅರ್ಧ ಗಂಟೆ. 1885ರಲ್ಲಿ ಅಲ್ಲೊಂದು ಫುಟ್‌ಬಾಲ್ ಕ್ಲಬ್ ಹುಟ್ಟಿತು. 1903ರ ಎಫ್‌ಎ ಕಪ್ ಫೈನಲ್‌ನಲ್ಲಿ ಅದು ಡರ್ಬಿ ಕೌಂಟಿಗೆ ಆರು ಗೋಲು ಹೊಡೆಯಿತು, ಒಂದನ್ನೂ ಬಿಟ್ಟುಕೊಡಲಿಲ್ಲ. ಅಂಥ ಗೆಲುವನ್ನು ಆ ಕಪ್ಪಿನ ಫೈನಲ್ ಮುಂದಿನ 116 ವರ್ಷ ಕಾಣಲಿಲ್ಲ.

2019ರ ಮೇ ತಿಂಗಳಲ್ಲಿ ಕಂಡಿತು. ಮ್ಯಾಂಚೆಸ್ಟರ್ ಸಿಟಿ ವಾಟ್‌ಫರ್ಡ್ ತಂಡವನ್ನು ಅದೇ 6–0ರಿಂದ ಬಡಿಯಿತು. ಅಬುಧಾಬಿ ರಾಜಮನೆತನದ ದುಡ್ಡು ಬೆರಿಯ ದಾಖಲೆಯನ್ನು ಸರಿಗಟ್ಟಿತು. ಮೂರು ತಿಂಗಳು ಕಳೆಯಿತು. ಆಗಸ್ಟ್ 27ರಂದು ಬೆರಿ ಕ್ಲಬ್ಬನ್ನು ಲೀಗಿನಿಂದಲೇ ಹೊರಹಾಕಿದರು. ಸಾಲ ತೀರಿಸಲು ಅದರ ಬಳಿ ಕಾಸಿರಲಿಲ್ಲ.

ಹಿಂದಿನ ಡಿಸೆಂಬರಿನಲ್ಲಷ್ಟೇ ಸ್ಟೀವ್ ಡೇಲ್ ಎಂಬ ವ್ಯಾಪಾರಿ ಆ ಕ್ಲಬ್ಬನ್ನು ಒಂದು ಪೌಂಡಿಗೆ ಕೊಂಡಿದ್ದ. ಒಂದೇ ಒಂದು ಪೌಂಡು. ನಡೆಸಲು ಈತನ ಬಳಿ ಹಣವಿದೆಯೇ ಎಂದು ಲೀಗು ಖಾತ್ರಿ ಮಾಡಿಕೊಳ್ಳುವ ಮೊದಲೇ ಕ್ಲಬ್ಬು ಕೈ ಬದಲಾಯಿಸಿತ್ತು. ಆಮೇಲೆ ಆತ ರೇಡಿಯೋದಲ್ಲಿ ಕೂತು, ಬೆರಿಯಲ್ಲೊಂದು ಫುಟ್‌ಬಾಲ್ ತಂಡವಿದೆ ಎಂಬುದೇ ತನಗೆ ಗೊತ್ತಿರಲಿಲ್ಲ ಎಂದ. ಬೆಂಗಳೂರಿನಲ್ಲಿ ಒಂದು ಬೆಡ್‌ರೂಮಿನ ಮನೆ ಬಾಡಿಗೆಗೆ ಕೊಡುವ ಮಾಲೀಕರು ಇದಕ್ಕಿಂತ ಹೆಚ್ಚು ತನಿಖೆ ಮಾಡುತ್ತಾರೆ. ಎಲ್ಲಿ ಕೆಲಸ, ಎಷ್ಟು ಸಂಬಳ, ಯಾವ ಊರು, ಮೀನು ಬೇಯಿಸ್ತೀರಾ?

ಹಾಗಂತ ಅಲ್ಲಿ ಪರೀಕ್ಷೆಯೇ ಇಲ್ಲ ಎಂದಲ್ಲ. ಇದೆ. ಕ್ಲಬ್ ಕೊಳ್ಳಲು ಬರುವವರು ಯೋಗ್ಯರೇ, ಸಭ್ಯರೇ ಎಂದು ನೋಡುವ ಪರೀಕ್ಷೆ. ಕೇಳಲು ಐಎಎಸ್ ಸಂದರ್ಶನದಂತಿದೆ. ಪಾಸಾದವರನ್ನು ನೋಡಿ.

ಥಾಯ್ಲೆಂಡಿನ ಮಾಜಿ ಪ್ರಧಾನಿ ತಕ್ಸಿನ್ ಶಿನವತ್ರ 2006ರ ಸೇನಾ ದಂಗೆಯಲ್ಲಿ ಕುರ್ಚಿ ಕಳೆದುಕೊಂಡರು. ಮರುವರ್ಷ ಮ್ಯಾಂಚೆಸ್ಟರ್ ಸಿಟಿ ಕೊಂಡರು. ಊರಲ್ಲಿ ಭ್ರಷ್ಟಾಚಾರದ ಮೊಕದ್ದಮೆ ಇತ್ತು. ಅವರ ಆಡಳಿತದ ಬಗ್ಗೆ ಮಾನವ ಹಕ್ಕು ಸಂಘಟನೆಗಳು ಪ್ರೀಮಿಯರ್ ಲೀಗಿಗೆ ಪತ್ರ ಬರೆದವು. ಲೀಗು ಪತ್ರ ಓದಿತೋ ಬಿಟ್ಟಿತೋ, ಅಭ್ಯರ್ಥಿ ಮಾತ್ರ ತೇರ್ಗಡೆ. 2008ರ ಸೆಪ್ಟೆಂಬರಿನಲ್ಲಿ ಆ ಕ್ಲಬ್ಬನ್ನು ಅಬುಧಾಬಿಯ ಶೇಖ್ ಮನ್ಸೂರ್ ಕೊಂಡರು. ಅದೇ ದಿನ 3.25 ಕೋಟಿ ಪೌಂಡಿಗೆ ಆಟಗಾರ ರಾಬಿನ್ಯೋ ಬಂದಿಳಿದ. ಆಮೇಲೆ ಯಾರೂ ಯಾವ ಪತ್ರವನ್ನೂ ನೆನಪು ಮಾಡಿಕೊಳ್ಳಲಿಲ್ಲ.

ಈ ಪರೀಕ್ಷೆಯ ರ‍್ಯಾಂಕ್ ವಿದ್ಯಾರ್ಥಿಯ ಹೆಸರು ಸೌದಿ ಅರೇಬಿಯಾ.

2021ರ ಅಕ್ಟೋಬರ್ 7ರಂದು ಸೌದಿಯ ಸಾರ್ವಜನಿಕ ಹೂಡಿಕೆ ನಿಧಿ ನ್ಯೂಕ್ಯಾಸಲ್ ಯುನೈಟೆಡ್ ಕ್ಲಬ್ಬಿನ ಶೇ 80 ಪಾಲನ್ನು ತೆಗೆದುಕೊಂಡಿತು. ಒಟ್ಟು ವ್ಯವಹಾರ 30.5 ಕೋಟಿ ಪೌಂಡಿನದು. ಆ ನಿಧಿಯ ಅಧ್ಯಕ್ಷ ಸ್ವತಃ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಪತ್ರಕರ್ತ ಜಮಾಲ್ ಖಶೋಗಿಯನ್ನು 2018ರಲ್ಲಿ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್ ಒಳಗೇ ಕೊಂದರು. ಆ ಕಾರ್ಯಾಚರಣೆಗೆ ಯುವರಾಜರ ಒಪ್ಪಿಗೆ ಇತ್ತು ಎಂದು ಅಮೆರಿಕದ ಗುಪ್ತಚರ ವರದಿ ಹೇಳಿತ್ತು. ಸೌದಿ ಅದನ್ನು ನಿರಾಕರಿಸಿತು. ವರದಿ ಹೊರಬಂದದ್ದು 2021ರ ಫೆಬ್ರುವರಿಯಲ್ಲಿ. ಕ್ಲಬ್ ಮಾರಾಟವಾದದ್ದು ಅದೇ ವರ್ಷ.

ಒಂದು ತೊಡಕಿತ್ತು, ನಿಜ. ಕೊಲೆಯದಲ್ಲ. ಟಿವಿಯದು. ಪ್ರೀಮಿಯರ್ ಲೀಗಿನ ಪ್ರಸಾರ ಹಕ್ಕಿಗೆ ದುಡ್ಡು ಕೊಟ್ಟಿದ್ದ ಕತಾರಿನ ಬಿಇನ್ ವಾಹಿನಿಯನ್ನು ಸೌದಿ ನಿಷೇಧಿಸಿತ್ತು, ಅಲ್ಲಿ ಅದರ ಪ್ರಸಾರವನ್ನು ರಾಜಾರೋಷವಾಗಿ ಕದಿಯಲಾಗುತ್ತಿತ್ತು. ಅಕ್ಟೋಬರ್ 6ಕ್ಕೆ ನಿಷೇಧ ತೆರವಾಯಿತು. 7ಕ್ಕೆ ಕ್ಲಬ್ಬು ಕೈಗೆ ಬಂತು. ಕೇಬಲ್ ಕಳ್ಳತನಕ್ಕೆ ಕ್ಷಮೆಯಿಲ್ಲ ಎಂಬ ಮಟ್ಟಿಗೆ ನೈತಿಕತೆ ಉಳಿದುಕೊಂಡಿದೆ, ಸಂತೋಷಪಡೋಣ.

ಸೌದಿ ಸರ್ಕಾರ ಈ ಕ್ಲಬ್ಬನ್ನು ನಿಯಂತ್ರಿಸುವುದಿಲ್ಲ ಎಂದು ಕಾನೂನುಬದ್ಧ ಭರವಸೆ ಸಿಕ್ಕಿದೆ ಎಂದಿತು ಲೀಗು. ನಿಧಿ ಬೇರೆ, ಸರ್ಕಾರ ಬೇರೆ. ಸರಿ, ಒಪ್ಪಿದೆವು. 2023ರಲ್ಲಿ ಅದೇ ನಿಧಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಗಾಲ್ಫ್ ವ್ಯಾಜ್ಯವೊಂದಕ್ಕೆ ಸಿಕ್ಕಿಕೊಂಡಿತು. ದಾಖಲೆ ತೋರಿಸಿ, ಸಾಕ್ಷಿ ಹೇಳಿ ಎಂದಿತು ಕೋರ್ಟು. ಆಗ ನಿಧಿಯ ವಕೀಲರು ಏನೆಂದರು? ನಮ್ಮದು ಸೌದಿ ರಾಷ್ಟ್ರದ್ದೇ ಅಂಗ, ನಮ್ಮ ಗವರ್ನರ್ ಯಾಸಿರ್ ಅಲ್ ರುಮಯ್ಯಾನ್ ಅಧಿಕಾರದಲ್ಲಿರುವ ಸಚಿವರು, ನಮಗೆ ಸಾರ್ವಭೌಮ ರಕ್ಷಣೆ ಇದೆ. ಈ ಅಲ್ ರುಮಯ್ಯಾನ್ ನ್ಯೂಕ್ಯಾಸಲ್ ಕ್ಲಬ್ಬಿನ ಅಧ್ಯಕ್ಷರೂ ಹೌದು.

ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಅವರು ಸರ್ಕಾರ, ನ್ಯೂಕ್ಯಾಸಲ್‌ನಲ್ಲಿ ಖಾಸಗಿ ಹೂಡಿಕೆದಾರ. ವಿಮಾನ ಇಳಿಯುವಷ್ಟರಲ್ಲಿ ಸಚಿವಗಿರಿ ಕಳಚಿ ಬೀಳುತ್ತದೆ. ಪ್ರೀಮಿಯರ್ ಲೀಗು ಕಣ್ಣುಜ್ಜಿಕೊಂಡು ಆಕಳಿಸಿತು.

ಅಭಿಮಾನಿಗಳೋ? ಮಾರಾಟದ ದಿನ ಸೇಂಟ್ ಜೇಮ್ಸ್ ಪಾರ್ಕ್ ಕ್ರೀಡಾಂಗಣದ ಮುಂದೆ ಕೆಲವರು ಟೀ ಟವೆಲನ್ನೇ ಅರಬರ ಶಿರವಸ್ತ್ರದಂತೆ ಸುತ್ತಿಕೊಂಡು ಕುಣಿದರು. ಹಾಗೆ ಮಾಡಬೇಡಿ, ಕೆಲವರ ಮನಸ್ಸಿಗೆ ನೋವಾದೀತು ಎಂದಿತು ಕ್ಲಬ್ಬು. ಮೂರು ದಿನ ಬಿಟ್ಟು, ಪರವಾಗಿಲ್ಲ, ಹಾಕಿಕೊಳ್ಳಿ, ಮಾಲೀಕರಿಗೆ ಬೇಸರವಿಲ್ಲ ಎಂದಿತು. 2025ರ ಮಾರ್ಚಿನಲ್ಲಿ ನ್ಯೂಕ್ಯಾಸಲ್ ಲೀಗ್ ಕಪ್ ಗೆದ್ದಿತು. 1955ರ ನಂತರ ಅದಕ್ಕೆ ಸಿಕ್ಕ ಮೊದಲ ದೇಶೀಯ ಟ್ರೋಫಿ. ಊರಿಗೆ ಊರೇ ಅತ್ತಿತು. ಎಪ್ಪತ್ತು ವರ್ಷದ ಬರಗಾಲ ನೀಗಿಸಲು ಮರುಭೂಮಿಯಿಂದಲೇ ನೀರು ಬರಬೇಕಾಯಿತು.

ಇಷ್ಟಾದರೂ ಒಂದು ಹಳೇ ರಾಗ ನಿಂತಿಲ್ಲ. ‘ಬರೀ ದುಡ್ಡಿದ್ದರೆ ಸಾಲದು. ತಂತ್ರ ಬೇಕು, ಛಲ ಬೇಕು, ಹೃದಯ ಬೇಕು.’ ಟಿವಿ ಸ್ಟುಡಿಯೋದ ಸೋಫಾದಲ್ಲಿ ಕೂತ ಮಾಜಿ ಆಟಗಾರರು ವಾರಕ್ಕೊಮ್ಮೆ ಇದನ್ನು ಹೇಳಿ ಸಂಭಾವನೆ ಎಣಿಸಿಕೊಂಡು ಹೋಗುತ್ತಾರೆ.

ಲೆಕ್ಕ ನೋಡೋಣ. ಚೆಲ್ಸಿ ಹುಟ್ಟಿದ್ದು 1905ರಲ್ಲಿ. ಮೊದಲ 98 ವರ್ಷದಲ್ಲಿ ಗೆದ್ದ ಲೀಗ್ ಪಟ್ಟ ಒಂದು. 2003ರಲ್ಲಿ ರಷ್ಯಾದ ತೈಲ ಕುಬೇರ ರೋಮನ್ ಅಬ್ರಮೊವಿಚ್ ಬಂದರು. ಮುಂದಿನ 14 ವರ್ಷದಲ್ಲಿ ಐದು. ಮ್ಯಾಂಚೆಸ್ಟರ್ ಸಿಟಿ ಅಬುಧಾಬಿ ಬರುವ ಮುನ್ನ ಗೆದ್ದದ್ದು ಎರಡು, 1937ರಲ್ಲೊಂದು, 1968ರಲ್ಲೊಂದು. 2012ರಿಂದ 2024ರೊಳಗೆ ಎಂಟು. ಹಾಗಾದರೆ ಹಿಂದಿನ ಆಟಗಾರರಿಗೆ ಹೃದಯ ಇರಲಿಲ್ಲವೇ? ಆ ಬಡಪಾಯಿಗಳು ಅದನ್ನು ಮನೆಯಲ್ಲಿಟ್ಟು ಮೈದಾನಕ್ಕೆ ಬರುತ್ತಿದ್ದರೇ?

ಪತ್ರಕರ್ತ ಸೈಮನ್ ಕೂಪರ್, ಅರ್ಥಶಾಸ್ತ್ರಜ್ಞ ಸ್ಟೆಫಾನ್ ಶಿಮಾನ್‌ಸ್ಕಿ ಸೇರಿ ‘ಸಾಕರ್‌ನಾಮಿಕ್ಸ್’ ಎಂಬ ಪುಸ್ತಕ ಬರೆದರು. ಇಂಗ್ಲಿಷ್ ಕ್ಲಬ್ಬುಗಳ ಸಂಬಳದ ಪಟ್ಟಿಯನ್ನೂ ಲೀಗಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರು. ಹಲವು ವರ್ಷಗಳ ಸರಾಸರಿ ತೆಗೆದರೆ, ಯಾರು ಮೇಲೆ ಯಾರು ಕೆಳಗೆ ಎಂಬುದರ ಸುಮಾರು ಶೇ 90ರಷ್ಟನ್ನು ಸಂಬಳದ ಪಟ್ಟಿಯೇ ಹೇಳಿಬಿಡುತ್ತದೆ ಎಂದರು. ಉಳಿದ ಶೇ 10ರಲ್ಲಿ ತಂತ್ರ, ಛಲ, ಹೃದಯ, ರೆಫರಿ, ಮಳೆ, ಗ್ರಹಚಾರ ಎಲ್ಲವೂ ಒತ್ತೊತ್ತಾಗಿ ಕೂತುಕೊಳ್ಳಬೇಕು.

ತಕ್ಷಣ ಯಾರಾದರೂ ಲೆಸ್ಟರ್ ಹೆಸರು ಎತ್ತುತ್ತಾರೆ. 2016ರಲ್ಲಿ ಗೆದ್ದಿತಲ್ಲ! ಬಾಜಿ ಕಟ್ಟುವವರು ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಎಂದಿದ್ದರಲ್ಲ! ಬಡವನ ಗೆಲುವಲ್ಲವೇ ಅದು? ಆ ಬಡವನ ಆಗಿನ ಮಾಲೀಕರು ಥಾಯ್ಲೆಂಡಿನ ಡ್ಯೂಟಿ ಫ್ರೀ ಅಂಗಡಿಗಳ ಸಾಮ್ರಾಟ, ಕಿಂಗ್ ಪವರ್ ಕಂಪನಿಯ ಶತಕೋಟ್ಯಧೀಶ ವಿಚೈ ಶ್ರೀವದ್ಧನಪ್ರಭ. ಕೆಳಗಿನ ಲೀಗಿನಿಂದ ಮೇಲೆ ಬಂದ ವರ್ಷದ ಖರ್ಚಿನ ತಕರಾರಿಗೆ ಆ ಕ್ಲಬ್ಬು ಮುಂದೆ 31 ಲಕ್ಷ ಪೌಂಡು ಕೊಟ್ಟು ರಾಜಿ ಮಾಡಿಕೊಂಡಿತು. ಫುಟ್‌ಬಾಲಿನ ಬಡವರೂ ಈ ಮಟ್ಟದವರು.

ಇನ್ನೊಬ್ಬರು ಪ್ಯಾರಿಸ್ ಎನ್ನುತ್ತಾರೆ. ಕತಾರ್ 2011ರಲ್ಲಿ ಪಿಎಸ್‌ಜಿ ಕೊಂಡಿತು, ನೇಮಾರ್‌ಗೆ 22.2 ಕೋಟಿ ಯೂರೋ ಸುರಿಯಿತು, ಎಂಬಾಪೆಯನ್ನು ತಂದಿತು, ಮೆಸ್ಸಿಯನ್ನು ತಂದಿತು, ಆದರೂ ಚಾಂಪಿಯನ್ಸ್ ಲೀಗ್ ಸಿಗಲಿಲ್ಲ. ಮೂವರೂ ಹೋದ ಮೇಲೆ 2025ರಲ್ಲಿ ಸಿಕ್ಕಿತು, ಇಂಟರ್ ಮಿಲಾನಿಗೆ ಐದು ಗೋಲು ಹೊಡೆದು. ನೋಡಿ, ದುಡ್ಡು ಗೆಲ್ಲಲಿಲ್ಲ, ತಂಡ ಗೆದ್ದಿತು! ಆಹಾ. ಆ ತಂಡವೇನು ಪ್ಯಾರಿಸ್ಸಿನ ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದೇ? ಹದಿನಾಲ್ಕು ವರ್ಷ ತಪ್ಪು ಮಾಡುತ್ತಲೇ ಇರಲು, ಪ್ರತಿ ತಪ್ಪಿಗೂ ನೂರಾರು ಕೋಟಿ ತೆತ್ತು ಮತ್ತೆ ಅಂಗಡಿಗೆ ಹೋಗಲು ಎಷ್ಟು ಕ್ಲಬ್ಬುಗಳಿಗೆ ಸಾಧ್ಯ? ಬೆರಿಗೆ ಒಂದೇ ಒಂದು ತಪ್ಪಿನ ಅವಕಾಶ ಸಿಕ್ಕಿತ್ತು. ಆ ತಪ್ಪಿಗೆ ಒಂದು ಪೌಂಡ್ ಬೆಲೆ ಬಿತ್ತು.

ದುಡ್ಡು ತರುವ ದೊಡ್ಡಪ್ಪನನ್ನಾದರೂ ಸಹಿಸಬಹುದು. ಒಯ್ಯುವ ದೊಡ್ಡಪ್ಪನೂ ಇದ್ದಾನೆ.

ಅಮೆರಿಕದ ಮಾಲ್ಕಮ್ ಗ್ಲೇಜರ್ 2005ರಲ್ಲಿ ಸುಮಾರು 79 ಕೋಟಿ ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡರು. ಹೆಚ್ಚಿನ ಪಾಲು ಸಾಲದ ಹಣ. ಆ ಸಾಲದ ದೊಡ್ಡ ಹೊರೆಯನ್ನು ಯಾರ ತಲೆಗೆ ಕಟ್ಟಿದರು? ಕ್ಲಬ್ಬಿನ ತಲೆಗೇ. ತನ್ನನ್ನು ಕೊಳ್ಳಲು ಮಾಡಿದ ಸಾಲಕ್ಕೆ ಕ್ಲಬ್ಬು ತಾನೇ ಬಡ್ಡಿ ಕಟ್ಟಿಕೊಂಡು ಬಂತು. ಇದೆಲ್ಲ ಕಾನೂನುಬದ್ಧ. ರೋಸಿಹೋದ ಕೆಲ ಅಭಿಮಾನಿಗಳು ಅದೇ ವರ್ಷ ಎಫ್‌ಸಿ ಯುನೈಟೆಡ್ ಎಂಬ ತಮ್ಮದೇ ಪುಟ್ಟ ಕ್ಲಬ್ ಕಟ್ಟಿಕೊಂಡರು. ಉಳಿದವರು ಬೈಯುತ್ತಾ ಟಿಕೆಟ್ ಕೊಂಡರು.

2024ರಲ್ಲಿ ಅಲ್ಲಿಗೆ ರಾಸಾಯನಿಕ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಪಾಲುದಾರರಾಗಿ ಬಂದರು. ಊರಿನ ಮಗ, ಉದ್ಧಾರಕ. ಬ್ರಿಟನ್ನಿನ ಮಹಾಶ್ರೀಮಂತರಲ್ಲೊಬ್ಬರು, ವಾಸ ಆದಾಯ ತೆರಿಗೆಯಿಲ್ಲದ ಮೊನಾಕೊದಲ್ಲಿ. ಬಂದವರು ಮಾಡಿದ್ದೇನು? ನೂರಾರು ನೌಕರರನ್ನು ಮನೆಗೆ ಕಳಿಸಿದರು. ಉಳಿದ ನೌಕರರ ಬಿಟ್ಟಿ ಊಟ ನಿಲ್ಲಿಸಿದರು. ಕೋಚ್ ಎರಿಕ್ ಟೆನ್ ಹಾಗ್ ಜೊತೆಗಿನ ಒಪ್ಪಂದ ವಿಸ್ತರಿಸಿ, ಕೆಲವೇ ತಿಂಗಳಲ್ಲಿ ವಜಾ ಮಾಡಿ, ಅವರನ್ನೂ ಅವರ ಸಹಾಯಕರನ್ನೂ ಕಳಿಸಲು ಒಂದು ಕೋಟಿ ಪೌಂಡಿಗೂ ಹೆಚ್ಚು ತೆತ್ತ ಕ್ಲಬ್ಬು ಇದು. ಅಷ್ಟು ಹಣದಲ್ಲಿ ಎಷ್ಟು ತಟ್ಟೆ ಊಟ ಬರುತ್ತಿತ್ತು ಎಂದು ನೀವೇ ಭಾಗಿಸಿಕೊಳ್ಳಿ.

ಇದನ್ನೆಲ್ಲ ತಡೆಯಲು ನಿಯಮಗಳಿವೆ, ಗೊತ್ತಲ್ಲ? ಗಳಿಸಿದ್ದಕ್ಕಿಂತ ವಿಪರೀತ ಖರ್ಚು ಮಾಡಬಾರದು. ನಷ್ಟಕ್ಕೊಂದು ಮಿತಿ. ಕೇಳಲು ಎಷ್ಟು ಚೆಂದ. ಮೊದಲೇ ಶ್ರೀಮಂತರಾದವರು ಮೆಟ್ಟಿಲು ಹತ್ತಿ, ಏಣಿಯನ್ನು ಮೇಲೆಳೆದುಕೊಂಡು, ಕೆಳಗಿನವರಿಗೆ ಮಿತವ್ಯಯದ ಪಾಠ ಹೇಳುವ ವ್ಯವಸ್ಥೆ.

ಈ ಪಾಠ ಚೆಲ್ಸಿಗೆ ಚೆನ್ನಾಗಿ ಅರ್ಥವಾಯಿತು. ಉಕ್ರೇನ್ ಯುದ್ಧ ಶುರುವಾಗಿ ಅಬ್ರಮೊವಿಚ್ ಮೇಲೆ ಬ್ರಿಟನ್ ನಿರ್ಬಂಧ ಹೇರಿದಾಗ, 2022ರಲ್ಲಿ, ಅಮೆರಿಕದ ಕೂಟವೊಂದು ಆ ಕ್ಲಬ್ಬನ್ನು 250 ಕೋಟಿ ಪೌಂಡಿಗೆ ಕೊಂಡಿತು. ಒಂದೂವರೆ ವರ್ಷದೊಳಗೆ ಆಟಗಾರರ ಮೇಲೆ ಸುಮಾರು 100 ಕೋಟಿ ಪೌಂಡು ಸುರಿಯಿತು. ಈಗ ನಷ್ಟದ ಮಿತಿ ಅಡ್ಡ ಬಂತು. ಏನು ಮಾಡುವುದು? ಕ್ರೀಡಾಂಗಣದ ಪಕ್ಕದಲ್ಲಿ ಕ್ಲಬ್ಬಿಗೆ ಸೇರಿದ ಎರಡು ಹೋಟೆಲ್ ಇದ್ದವು. ಅವನ್ನು 7.65 ಕೋಟಿ ಪೌಂಡಿಗೆ ಮಾರಿದರು. ಕೊಂಡವರು ಯಾರು? ಅದೇ ಮಾಲೀಕರ ಇನ್ನೊಂದು ಕಂಪನಿ. ಅದೂ ಸಾಲದಾಯಿತು. ಮರುವರ್ಷ ಮಹಿಳಾ ತಂಡವನ್ನೇ ಸುಮಾರು 20 ಕೋಟಿ ಪೌಂಡಿಗೆ ಮಾರಿದರು. ಕೊಂಡವರು? ಕೇಳಬೇಕೇ.

ವರ್ಷದ ಕೊನೆಗೆ ಲೆಕ್ಕಪತ್ರದಲ್ಲಿ ಲಾಭ ಕಂಡಿತು. ಒಂದು ಹೊಸ ಪೈಸೆ ಹೊರಗಿನಿಂದ ಒಳಗೆ ಬಂದಿಲ್ಲ, ಆದರೂ ಲಾಭ. ಈ ರಂಧ್ರ ಮುಚ್ಚೋಣವೇ ಎಂದು 2024ರಲ್ಲಿ ಪ್ರೀಮಿಯರ್ ಲೀಗಿನ ಕ್ಲಬ್ಬುಗಳೇ ಮತ ಹಾಕಿದವು. ಬೇಕಾದಷ್ಟು ಮತ ಬೀಳಲಿಲ್ಲ. ನಾಳೆ ಯಾರಿಗೆ ಯಾವ ಹೋಟೆಲ್ ಮಾರುವ ಪ್ರಸಂಗ ಬರುತ್ತದೋ, ಯಾರಿಗೆ ಗೊತ್ತು? ಯೂರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಈ ಆದಾಯವನ್ನು ಒಪ್ಪದೆ 2025ರಲ್ಲಿ 3.1 ಕೋಟಿ ಯೂರೋ ದಂಡ ಹಾಕಿತು. ಚೆಲ್ಸಿ ದಂಡ ಕಟ್ಟಿ ಮತ್ತೆ ಆಟಗಾರರನ್ನು ಕೊಳ್ಳಲು ಹೋಯಿತು.

ಇನ್ನು ಆ 115.

2023ರ ಫೆಬ್ರುವರಿಯಲ್ಲಿ ಪ್ರೀಮಿಯರ್ ಲೀಗು ಮ್ಯಾಂಚೆಸ್ಟರ್ ಸಿಟಿಯ ಮೇಲೆ ನೂರಕ್ಕೂ ಹೆಚ್ಚು ಆರೋಪ ಹೊರಿಸಿತು. ಜನ ಎಣಿಸಿ 115 ಎಂದರು. 2009ರಿಂದ ಹಿಡಿದು ವರ್ಷಗಟ್ಟಲೆ ಸರಿಯಾದ ಲೆಕ್ಕ ಕೊಟ್ಟಿಲ್ಲ ಎಂಬುದು ಮುಖ್ಯ ತಕರಾರು. ಕ್ಲಬ್ಬು ಎಲ್ಲವನ್ನೂ ಅಲ್ಲಗಳೆಯುತ್ತದೆ. ಅದಕ್ಕೂ ಮೊದಲು, 2020ರಲ್ಲಿ, ಯುಇಎಫ್‌ಎ ಈ ಕ್ಲಬ್ಬನ್ನು ತನ್ನ ಟೂರ್ನಿಗಳಿಂದ ಎರಡು ವರ್ಷ ನಿಷೇಧಿಸಿತ್ತು. ಕ್ರೀಡಾ ನ್ಯಾಯಮಂಡಳಿ ಆ ನಿಷೇಧ ರದ್ದು ಮಾಡಿ, ಮೂರು ಕೋಟಿ ಯೂರೋ ದಂಡವನ್ನು ಒಂದು ಕೋಟಿಗೆ ಇಳಿಸಿತು. ಕೆಲವು ಆರೋಪಗಳಿಗೆ ಪುರಾವೆ ಸಾಲದು, ಕೆಲವಕ್ಕೆ ಅವಧಿ ಮೀರಿದೆ ಎಂದಿತು.

115 ಆರೋಪಗಳ ವಿಚಾರಣೆ ಶುರುವಾಗಲು 19 ತಿಂಗಳು ಹಿಡಿಯಿತು. ಆ ಮಧ್ಯೆ ಸಿಟಿ ಏನು ಮಾಡುತ್ತಿತ್ತು? 2023ರಲ್ಲಿ ಒಂದೇ ಋತುವಿನಲ್ಲಿ ಮೂರು ದೊಡ್ಡ ಟ್ರೋಫಿ ಗೆದ್ದಿತು. 2024ರಲ್ಲಿ ಸತತ ನಾಲ್ಕನೇ ಲೀಗ್ ಪಟ್ಟ ಗೆದ್ದಿತು. ಇಂಗ್ಲೆಂಡಿನಲ್ಲಿ ಹಾಗೆ ಯಾರೂ ಗೆದ್ದಿರಲಿಲ್ಲ.

ಎವರ್ಟನ್ ಎಂಬ ಕ್ಲಬ್ಬಿನ ಕಥೆ ಕೇಳಿ. ಅದರ ಮೇಲೆ ಆರೋಪ ಬಂದದ್ದು ಒಂದು ತಿಂಗಳು ತಡವಾಗಿ, 2023ರ ಮಾರ್ಚಿನಲ್ಲಿ. ನಷ್ಟದ ಮಿತಿ 1.95 ಕೋಟಿ ಪೌಂಡಿನಷ್ಟು ಮೀರಿತ್ತು. ಎಂಟು ತಿಂಗಳಲ್ಲಿ ತೀರ್ಪು, ಹತ್ತು ಅಂಕ ಕಡಿತ. ಮೇಲ್ಮನವಿಯಲ್ಲಿ ಆರಕ್ಕೆ ಇಳಿಯಿತು. ಒಂದು ಆರೋಪವಾದರೆ ಎಂಟು ತಿಂಗಳು. ನೂರಹದಿನೈದಾದರೆ ಪಟ್ಟಾಭಿಷೇಕ. ತಪ್ಪು ಮಾಡಬೇಕೆಂದಿದ್ದರೆ ಸಗಟಿನಲ್ಲಿ ಮಾಡಿ; ಚಿಲ್ಲರೆ ವ್ಯಾಪಾರಕ್ಕೆ ಇಲ್ಲಿ ಶಿಕ್ಷೆಯಿದೆ.

2021ರ ಏಪ್ರಿಲ್ 18 ನೆನಪಿದೆಯೇ? ಯೂರೋಪಿನ ಹನ್ನೆರಡು ದೊಡ್ಡ ಕ್ಲಬ್ಬುಗಳು ಸೇರಿ ಸೂಪರ್ ಲೀಗ್ ಕಟ್ಟುತ್ತೇವೆ ಎಂದವು. ಅದರಲ್ಲಿ ಇಂಗ್ಲೆಂಡಿನವೇ ಆರು. ಕಟ್ಟುವವರಿಗೆ ಕಾಯಂ ಸೀಟು, ಸೋತರೂ ಕೆಳಗಿಳಿಯುವ ಭಯವಿಲ್ಲ. ದೇಶ ಹೊತ್ತಿಕೊಂಡಿತು. ಪ್ರಧಾನಿ ಬೋರಿಸ್ ಜಾನ್ಸನ್ ಗುಡುಗಿದರು. ಬ್ರಿಟನ್ನಿನ ಟಿವಿ ವಾಹಿನಿ ಸ್ಕೈನಲ್ಲಿ ಮಾಜಿ ಆಟಗಾರ ಗ್ಯಾರಿ ನೆವಿಲ್ ದುರಾಸೆ, ದುರಾಸೆ ಎಂದು ಕೆಂಡ ಕಾರಿದರು.

ಯಾವ ವಾಹಿನಿ? ಸ್ಕೈ. 1992ರಲ್ಲಿ ಮೇಲಿನ ದರ್ಜೆಯ ಕ್ಲಬ್ಬುಗಳು ಟಿವಿ ದುಡ್ಡನ್ನು ಕೆಳಗಿನವರ ಜೊತೆ ಹಂಚಿಕೊಳ್ಳಲಾರದೆ ಹಳೇ ಫುಟ್‌ಬಾಲ್ ಲೀಗಿನಿಂದ ಸಿಡಿದುಹೋಗಿ ಪ್ರೀಮಿಯರ್ ಲೀಗ್ ಕಟ್ಟಿಕೊಂಡಾಗ, ಥೈಲಿ ಹಿಡಿದು ನಿಂತಿದ್ದ ಅದೇ ಸ್ಕೈ. ಯಾವ ನೆವಿಲ್? ಸಾಲ್ಫರ್ಡ್ ಸಿಟಿ ಎಂಬ ಪುಟ್ಟ ಕ್ಲಬ್ ಕೊಂಡು, ಸಿಂಗಪುರದ ಶತಕೋಟ್ಯಧೀಶ ಪೀಟರ್ ಲಿಮ್ ಜೊತೆ ಸೇರಿ ಒಂದೊಂದೇ ದರ್ಜೆ ಮೇಲೆ ಹತ್ತಿಸಿದ ನೆವಿಲ್.

ಸೂಪರ್ ಲೀಗ್ ಘೋಷಣೆಯಾಗಿ ಎರಡು ದಿನದ ನಂತರ ಚೆಲ್ಸಿ ಅಭಿಮಾನಿಗಳು ಕ್ರೀಡಾಂಗಣದ ಮುಂದೆ ರಸ್ತೆ ತಡೆದರು. ಫುಟ್‌ಬಾಲನ್ನು ಶ್ರೀಮಂತರಿಂದ ಉಳಿಸಿ ಎಂದು ಕೂಗಿದರು. ಚೆಲ್ಸಿ ಅಭಿಮಾನಿಗಳು! ಹದಿನೇಳು ವರ್ಷ ರಷ್ಯನ್ ಎಣ್ಣೆಯಲ್ಲಿ ಕರಿದದ್ದನ್ನು ತಿಂದು, ಹದಿನೆಂಟನೆಯ ವರ್ಷಕ್ಕೆ ಕೊಲೆಸ್ಟ್ರಾಲ್ ನೆನಪಾಯಿತು. ಮುಂದಿನ ವರ್ಷ ಮಾರ್ಚಿನಲ್ಲಿ ಬರ್ನ್‌ಲಿಯಲ್ಲಿ ಪಂದ್ಯ. ಉಕ್ರೇನಿನ ಜನರಿಗಾಗಿ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ಚೆಲ್ಸಿಯ ಒಂದಷ್ಟು ಅಭಿಮಾನಿಗಳು ಅಬ್ರಮೊವಿಚ್ ಹೆಸರು ಕೂಗಿದರು. ಅವರ ಕೋಚ್ ಥಾಮಸ್ ಟೂಕಲ್ ಅವರೇ ಇದು ಆ ಹೊತ್ತಲ್ಲ ಎನ್ನಬೇಕಾಯಿತು.

ಸೂಪರ್ ಲೀಗು ಎರಡು ದಿನದಲ್ಲಿ ಬಿದ್ದುಹೋಯಿತು. ಆರೂ ಇಂಗ್ಲಿಷ್ ಕ್ಲಬ್ಬುಗಳು ಸೇರಿ 2.2 ಕೋಟಿ ಪೌಂಡ್ ಕೊಟ್ಟು ಪಾಪ ತೊಳೆದುಕೊಂಡವು. ತಲೆಗೆ ನಲವತ್ತು ಲಕ್ಷವೂ ಬೀಳಲಿಲ್ಲ. ಆ ಗುಂಪಿಗೆ ಸೇರದೆ ಉಳಿದ ಪಿಎಸ್‌ಜಿಯ ಅಧ್ಯಕ್ಷ ನಾಸರ್ ಅಲ್ ಖೆಲೈಫಿ ರಾತ್ರೋರಾತ್ರಿ ಆಟದ ರಕ್ಷಕರಾದರು, ಯೂರೋಪಿನ ಕ್ಲಬ್ಬುಗಳ ಸಂಘಕ್ಕೂ ಅಧ್ಯಕ್ಷರಾದರು. ಅವರು ಯುಇಎಫ್‌ಎ ಕಾರ್ಯಕಾರಿ ಸಮಿತಿಯ ಸದಸ್ಯರೂ ಹೌದು. ಯುಇಎಫ್‌ಎಯಿಂದ ಪ್ರಸಾರ ಹಕ್ಕು ಕೊಳ್ಳುವ ಬಿಇನ್ ಸಂಸ್ಥೆಯ ಮುಖ್ಯಸ್ಥರೂ ಹೌದು. ಆಡುವವರು, ಆಡಿಸುವವರು, ತೋರಿಸುವವರು ಎಲ್ಲ ಒಬ್ಬರೇ ಆದರೆ ಜಗಳ ಕಡಿಮೆ, ನಿಜ.

ನಾವೇನು ಕಡಿಮೆ ಎನ್ನಬೇಡಿ. ನಮ್ಮವರೂ ಕೊಡುಗೆ ಕೊಟ್ಟಿದ್ದಾರೆ.

ಬ್ಲ್ಯಾಕ್‌ಬರ್ನ್ ರೋವರ್ಸ್ 1995ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್. ಗೆಲ್ಲಿಸಿದ್ದು ಜ್ಯಾಕ್ ವಾಕರ್ ಎಂಬ ಉಕ್ಕಿನ ವ್ಯಾಪಾರಿಯ ಹಣ. ಅವರು ಆ ಊರಿನವರು, ಹಾಗಾಗಿ ಆ ದುಡ್ಡು ಪವಿತ್ರ. ತೆರಿಗೆ ಉಳಿಸಲು ವಾಕರ್ ಜರ್ಸಿ ದ್ವೀಪದಲ್ಲಿ ನೆಲೆಸಿದ್ದರು ಎಂಬುದನ್ನು ಭಕ್ತರು ಹೇಳುವುದಿಲ್ಲ. 2010ರಲ್ಲಿ ಪುಣೆಯ ಕೋಳಿ ಕಂಪನಿ ವೆಂಕೀಸ್ ಸುಮಾರು 2.3 ಕೋಟಿ ಪೌಂಡಿಗೆ ಅದನ್ನು ಕೊಂಡಿತು. ತಿಂಗಳೊಳಗೆ ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಮನೆಗೆ ಹೋದರು. ಆಟಗಾರರು ಡ್ರೆಸಿಂಗ್ ರೂಮಿನಲ್ಲಿ ಕೂತು ಚಿಕನ್ ತಿನ್ನುವ ಜಾಹೀರಾತು ಬಂತು. 2012ರ ಮೇ ತಿಂಗಳಲ್ಲಿ, ತಂಡ ಕೆಳದರ್ಜೆಗೆ ಬಿದ್ದ ರಾತ್ರಿ, ಅಭಿಮಾನಿಗಳು ಮೈದಾನಕ್ಕೆ ಜೀವಂತ ಕೋಳಿಯನ್ನೇ ಬಿಟ್ಟರು. 2017ರಲ್ಲಿ ತಂಡ ಮೂರನೇ ದರ್ಜೆಗೂ ಇಳಿಯಿತು. ದುಡ್ಡಿದ್ದರೆ ಗೆಲುವು ಸಿಗುತ್ತದೆ; ದುಡ್ಡಿದ್ದೂ ಆಟ ಗೊತ್ತಿಲ್ಲದಿದ್ದರೆ ಕೋಳಿ ಸಿಗುತ್ತದೆ.

ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಇನ್ನೂ ಜಾಣರು. ಅವರ ಯುಬಿ ಸಮೂಹ 1990ರ ದಶಕದ ಕೊನೆಯಲ್ಲಿ ಕೋಲ್ಕತ್ತಾಗೆ ಹೋಗಿ ಮೋಹನ್ ಬಾಗಾನ್ ಜೊತೆಗೂ ಪಾಲುದಾರಿಕೆ ಮಾಡಿಕೊಂಡಿತು, ಅದರ ಹುಟ್ಟುವೈರಿ ಈಸ್ಟ್ ಬೆಂಗಾಲ್ ಜೊತೆಗೂ ಮಾಡಿಕೊಂಡಿತು. ಒಂದರ ಹೆಸರಿನ ಮುಂದೆ ಮ್ಯಾಕ್‌ಡವೆಲ್, ಇನ್ನೊಂದರ ಮುಂದೆ ಕಿಂಗ್‌ಫಿಷರ್. ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಲಕ್ಷ ಜನ ಎರಡು ಪಾಳಯವಾಗಿ ಗಂಟಲು ಹರಿದುಕೊಳ್ಳುತ್ತಿದ್ದರು. ವಿಸ್ಕಿ ಗೆದ್ದರೂ ಬಿಯರ್ ಗೆದ್ದರೂ ಬಿಲ್ಲು ಬರುತ್ತಿದ್ದದ್ದು ಒಂದೇ ಕೌಂಟರಿಗೆ.

ಇನ್ನು ನಮ್ಮ ಪಬ್ಬುಗಳ ಪಂಡಿತರು. ಸೂಪರ್ ಲೀಗ್ ಸುದ್ದಿ ಬಂದಾಗ ಇಂದಿರಾನಗರ, ಕೋರಮಂಗಲದಿಂದಲೂ ಕಣ್ಣೀರ ಕೋಡಿ ಹರಿಯಿತು. ಸೋತರೂ ಕೆಳಗಿಳಿಯದ ಲೀಗೇ? ಛೇ, ಫುಟ್‌ಬಾಲಿನ ಆತ್ಮವೇ ಸತ್ತಿತು! ಸ್ವಾಮಿ, ನೀವು ಕಂಠೀರವದಲ್ಲಿ ಟಿಕೆಟ್ ಕೊಂಡು ನೋಡುತ್ತಿದ್ದ ಇಂಡಿಯನ್ ಸೂಪರ್ ಲೀಗ್ ಏನಾಗಿತ್ತು? 2014ರಲ್ಲಿ ಶುರುವಾದಾಗಿನಿಂದ 2025ರ ತನಕ ಅದರಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದವರು ಆಟದ ಕಾರಣಕ್ಕೆ ಹೊರಹೋದದ್ದಿದೆಯೇ? ಹೆಸರಿನಲ್ಲೇ ಸೂಪರ್ ಲೀಗ್ ಎಂದು ಬರೆದಿದೆ. ಲಂಡನ್ನಿನಲ್ಲಿ ಅದು ಪಾಪ, ಶಾಂತಿನಗರದ ಪಕ್ಕದಲ್ಲಿ ಅದು ಅಭಿವೃದ್ಧಿ.

ಬೆಂಗಳೂರು ಎಫ್‌ಸಿಯನ್ನು 2013ರಲ್ಲಿ ಕಟ್ಟಿದ್ದು ಜೆಎಸ್‌ಡಬ್ಲ್ಯು ಉಕ್ಕಿನ ಸಮೂಹ. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ನೋಡಿ, ಎಷ್ಟು ಬೇಗ ಹೃದಯ ಬಂತು! ಅದೇ ಊರಿನ ಎಚ್‌ಎಎಲ್ ತಂಡ ಅದಕ್ಕೆ ಒಂದೆರಡು ವರ್ಷ ಹಿಂದಷ್ಟೇ ಅದೇ ಲೀಗಿನಿಂದ ಕೆಳಗೆ ಬಿದ್ದಿತ್ತು. ಹಗಲು ನೌಕರಿ, ಸಂಜೆ ಆಟ ಎಂದು ಬದುಕಿದ ಪೀಳಿಗೆಯ ತಂಡ ಅದು. ಯಾರೂ ಬೀದಿಗಿಳಿಯಲಿಲ್ಲ. 2025ರ ಜುಲೈನಲ್ಲಿ ಫುಟ್‌ಬಾಲ್ ಫೆಡರೇಶನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ಮುಂದುವರಿಯದೆ ಇಂಡಿಯನ್ ಸೂಪರ್ ಲೀಗನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಎಚ್‌ಎಎಲ್ ಆಟಗಾರರಿಗೆ ಪಂದ್ಯ ಸೋತ ತಿಂಗಳೂ ಸಂಬಳ ಬರುತ್ತಿತ್ತು. ಆದರೆ ಅವರ ಜೆರ್ಸಿ ಯಾವ ಮಾಲಿನಲ್ಲೂ ಸಿಗುತ್ತಿರಲಿಲ್ಲ, ಹಾಗಾಗಿ ಅವರನ್ನು ವೃತ್ತಿಪರರು ಎನ್ನಲು ಬರುವುದಿಲ್ಲ.

ದೊಡ್ಡಪ್ಪ ಇದ್ದಾಗ ಮೆರೆದವರಿಗೆ ದೊಡ್ಡಪ್ಪ ಕೈ ಎತ್ತಿದ ದಿನ ಏನು ಮಾಡಬೇಕೆಂದು ತೋಚುವುದಿಲ್ಲ. ಬೆರಿಯವರನ್ನು ಕೇಳಿ, ಹೇಳುತ್ತಾರೆ.

ಬೆರಿ ಮುಳುಗಿ ಆರು ವರ್ಷದ ಮೇಲೆ, 2025ರ ಜುಲೈನಲ್ಲಿ, ಬ್ರಿಟನ್ ಒಂದು ಕಾನೂನು ಮಾಡಿತು. ಕ್ಲಬ್ ಕೊಳ್ಳುವವರು ಯಾರು, ಅವರ ಹಣ ಎಲ್ಲಿಯದು ಎಂದು ನೋಡಲು ಸ್ವತಂತ್ರ ನಿಯಂತ್ರಣ ಸಂಸ್ಥೆ. ಅದಕ್ಕೆ ಅಧ್ಯಕ್ಷರಾಗಿ ಕ್ರೀಡಾಖಾತೆ ನೋಡಿಕೊಳ್ಳುವ ಸಚಿವೆ ಲೀಸಾ ನ್ಯಾಂಡಿ ಆರಿಸಿದ್ದು ಡೇವಿಡ್ ಕೋಗನ್ ಅವರನ್ನು. ಹಿಂದೆ ಇದೇ ಪ್ರೀಮಿಯರ್ ಲೀಗಿನ ಟಿವಿ ಹಕ್ಕಿನ ವ್ಯವಹಾರ ಕುದುರಿಸಿಕೊಟ್ಟವರು. ನವೆಂಬರಿನಲ್ಲಿ ಸಾರ್ವಜನಿಕ ನೇಮಕಾತಿಗಳ ಆಯುಕ್ತರು ತನಿಖೆ ಮಾಡಿ ಹೇಳಿದರು: ನೇಮಕದಲ್ಲಿ ನಿಯಮ ಮುರಿದಿದೆ. ಕೋಗನ್ 2020ರಲ್ಲಿ ಪಕ್ಷದ ನಾಯಕತ್ವಕ್ಕಾಗಿ ಇದೇ ಸಚಿವೆ ನಡೆಸಿದ ಪ್ರಚಾರಕ್ಕೆ 2,900 ಪೌಂಡ್ ದೇಣಿಗೆ ಕೊಟ್ಟಿದ್ದರು. ಅವರನ್ನು ಆರಿಸುವಾಗ ಆ ವಿಷಯ ತಮಗೆ ಗೊತ್ತಿರಲಿಲ್ಲ ಎಂದರು ಸಚಿವೆ. ಕ್ಷಮೆ ಕೇಳಿದರು. ನೇಮಕ ರದ್ದಾಗಲಿಲ್ಲ.